ಡಬ್ಲಿನ್ ಕೋರ್‌ಗೆ ಕನ್ನಡ ಲಿಪಿ ಒಗ್ಗದು ಎಂಬುದು ತಪ್ಪು

ಮುಂಬಯಿಯಲ್ಲಿ ಕನ್ನಡ ಪುಸ್ತಕಗಳ ಪಟ್ಟಿಯನ್ನು ಗಣಕಕ್ಕೇರಿಸುತ್ತಿರುವ ನಮ್ಮ ಬಳಗದಲ್ಲಿ, ಪುಸ್ತಕ ಮೊದಲಾದವುಗಳ ವಿವರ ದಾಖಲಿಸುವ ಮಾನದಂಡವಾದ ಡಬ್ಲಿನ್ ಕೋರ್ ಬಗ್ಗೆ ಒಂದು ಸಂದೇಶ ಹರಿದಾಡುತ್ತಿದೆ: ‘ಡಬ್ಲಿನ್ ಕೋರ್ ಐರ್ಲೆಂಡಿನ ಮಾನದಂಡ, ಶೀರ್ಷಿಕೆಗಳನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆಯಬೇಕು.’ ಎರಡೂ ತಪ್ಪು.

ಆ ಡಬ್ಲಿನ್ ಅಮೆರಿಕದ ಒಹಾಯೊ ರಾಜ್ಯದ ಊರು. 1995ರಲ್ಲಿ ಅಲ್ಲಿ ನಡೆದ ಕಾರ್ಯಾಗಾರದಿಂದ ಹೆಸರು ಬಂತು. ಲಿಪಿಯ ಮಾತು ಮಾತ್ರ ನನ್ನನ್ನು ನಿಜವಾಗಿ ಕಳವಳಗೊಳಿಸಿದೆ. ಶೀರ್ಷಿಕೆ, ಕರ್ತೃ, ವಿಷಯ ಮೊದಲಾದ 15 ಅಂಶಗಳ ಗುರುತುಹೆಸರುಗಳಷ್ಟೇ ಇಂಗ್ಲಿಷಿನವು. ಅವುಗಳಲ್ಲಿ ತುಂಬುವ ವಿವರ ಯಾವ ಲಿಪಿಯಲ್ಲೂ ಇರಬಹುದು. ಇಂಥ ವಿವರಗಳನ್ನು ಗಣಕಕ್ಕೆ ತಿಳಿಯುವಂತೆ ಬರೆಯುವ ಆರ್‌ಡಿಎಫ್ ಎಂಬ ವಿಧಾನದಲ್ಲಿ ಕನ್ನಡ ಶೀರ್ಷಿಕೆಗೆ ‘ಕೆಎನ್’ ಎಂಬ ಭಾಷಾಸೂಚಿ ಸೇರಿಸಿದರಾಯಿತು. ಮರಾಠಿ ರೂಪವನ್ನೂ ‘ಎಂಆರ್’ ಸೂಚಿಯೊಡನೆ ಪಕ್ಕದಲ್ಲೇ ಇಡಬಹುದು. ಸಾಮಾನ್ಯ ರೋಮನ್ ಬರಹದಲ್ಲಿ ‘ಕಾಲು’, ‘ಕಾಳು’ ಒಂದೇ ಆಗಿಬಿಡುತ್ತವೆ. ಹುಡುಕುವವರಿಗೆ ಪುಸ್ತಕ ಸಿಗುವುದು ಹೇಗೆ?

ಈಗಾಗಲೇ ಬದಲಿಸಿದ ರೋಮನ್ ನಮೂದುಗಳನ್ನು ಅಳಿಸಬೇಡಿ. ಅವನ್ನು ಪರ್ಯಾಯ ಶೀರ್ಷಿಕೆಯಾಗಿ ಉಳಿಸಿ, ಕನ್ನಡವನ್ನು ಮುಖ್ಯ ಶೀರ್ಷಿಕೆಗೆ ಮರಳಿಸಿ.