ಕುಸಿತ ಮೊದಲು ಕಂಡಿದ್ದು ಹೊಲದಲ್ಲಿ

ಅಮೆರಿಕದ ಮಹಾ ಆರ್ಥಿಕ ಕುಸಿತ ಯಾವಾಗ ಶುರುವಾಯಿತು ಅಂತ ಯಾರನ್ನೇ ಕೇಳಿ, 1929ರ ಅಕ್ಟೋಬರ್ ಅನ್ನುತ್ತಾರೆ. ವಾಲ್ ಸ್ಟ್ರೀಟ್, ಷೇರುಪೇಟೆ, ಒಂದೇ ವಾರದಲ್ಲಿ ಬರಿಗೈಯಾದವರು. ಶಾಲೆಯಲ್ಲಿ ನಾವು ಓದಿದ್ದೂ ಅದೇ ಅಲ್ವಾ? ಆ ತಾರೀಕನ್ನು ಒಪ್ಪಲು ಈಗ ನನ್ನ ಮನಸ್ಸು ಕೇಳುವುದಿಲ್ಲ. ಅಯೋವಾದ ಅಥವಾ ನೆಬ್ರಾಸ್ಕಾದ ರೈತನನ್ನು ಕೇಳಿದ್ದರೆ ಅವನು 1920 ಅನ್ನುತ್ತಿದ್ದ.

ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಯುರೋಪಿಗೆ ಗೋಧಿ ಬೇಕಿತ್ತು. ಜಾಸ್ತಿ ಬೆಳೆಯಿರಿ, ಯುದ್ಧ ಗೆಲ್ಲಿಸುವುದು ಆಹಾರವೇ ಅಂತ ಸರ್ಕಾರ ಊರೂರಲ್ಲಿ ಪೋಸ್ಟರ್ ಅಂಟಿಸಿತು. ಒಂದು ಬುಷೆಲ್‌ಗೆ, ಅಂದರೆ ಸುಮಾರು 27 ಕೆಜಿಗೆ, 2 ಡಾಲರ್‌ಗೂ ಮೇಲೆ ಬೆಲೆಯ ಖಾತ್ರಿ ಕೊಟ್ಟಿತು. ರೈತರು ಸಾಲ ಮಾಡಿ ಪಕ್ಕದ ಹೊಲ ಕೊಂಡರು, ಟ್ರ್ಯಾಕ್ಟರ್ ತಂದರು, ಹುಲ್ಲುಗಾವಲನ್ನೂ ಉತ್ತರು. ಯುದ್ಧ ಮುಗಿಯಿತು. ಯುರೋಪಿನ ರೈತ ಮತ್ತೆ ಬಿತ್ತನೆಗೆ ಇಳಿದ. 1920ರಲ್ಲಿ ಬೆಲೆಯ ಖಾತ್ರಿ ನಿಂತುಹೋಯಿತು. 1921ರ ಹೊತ್ತಿಗೆ ಗೋಧಿ 1 ಡಾಲರ್ ಆಸುಪಾಸಿಗೆ ಬಂದು ಬಿದ್ದಿತ್ತು. ಬೆಲೆ ಅರ್ಧವಾಯಿತು, ಸಾಲ ಹಾಗೇ ಉಳಿಯಿತು.

ಇದೇ ಹತ್ತು ವರ್ಷಗಳನ್ನು ನಾವು ಜಾಝ್ ಸಂಗೀತದ, ರೇಡಿಯೊದ, ಕಂತಿನಲ್ಲಿ ಕೊಂಡ ಕಾರಿನ ಕಾಲ ಅಂತ ಹೊಗಳುವುದು. ಪೇಟೆಯವರಿಗೆ ಅದು ನಿಜವೂ ಆಗಿತ್ತು. ಆದರೆ ಆಗ ಹೊಲದ ಮೇಲೆ ಬದುಕುತ್ತಿದ್ದವರು ಸುಮಾರು 3 ಕೋಟಿ ಜನ. 1930ರ ದಶಕದ ನಡುವಿನ ಹೊತ್ತಿಗೂ ಅವರಲ್ಲಿ ಹತ್ತರಲ್ಲಿ ಒಂಬತ್ತು ಮನೆಗೆ ಕರೆಂಟ್ ಇರಲಿಲ್ಲ. ಷೇರುಪೇಟೆ ಬೀಳುವ ಮೊದಲೇ, ಆ ದಶಕದಲ್ಲಿ 5,000ಕ್ಕೂ ಹೆಚ್ಚು ಬ್ಯಾಂಕುಗಳು ಬಾಗಿಲು ಹಾಕಿದ್ದವು. ಹೆಚ್ಚಿನವು ಹಳ್ಳಿ ಕಡೆಯ ಸಣ್ಣ ಬ್ಯಾಂಕುಗಳು. ಬೆಳೆಗೆ ಬೆಲೆ ಕಟ್ಟಿಕೊಡುವ ಮಸೂದೆಯನ್ನು ಸಂಸತ್ತು ಎರಡು ಸಲ ಪಾಸು ಮಾಡಿತು. ಅಧ್ಯಕ್ಷ ಕೂಲಿಡ್ಜ್ 1927ರಲ್ಲೊಮ್ಮೆ, 1928ರಲ್ಲೊಮ್ಮೆ ಅದನ್ನು ತಳ್ಳಿಹಾಕಿದರು. ಆ ಮಸೂದೆಯಲ್ಲಿ ಹುಳುಕಿತ್ತು ಅನ್ನುವವರಿದ್ದಾರೆ, ಇರಬಹುದು. ಅದರ ಬದಲಿಗೆ ರೈತನ ಕೈಗೆ ಬೇರೆ ಏನು ಕೊಟ್ಟರು ಅನ್ನುವುದು ನನ್ನ ಪ್ರಶ್ನೆ.

1932ರಲ್ಲಿ ಗೋಧಿ 40 ಸೆಂಟ್ ಕೂಡ ದಾಟಲಿಲ್ಲ. ಕಲ್ಲಿದ್ದಲು ಕೊಳ್ಳುವುದಕ್ಕಿಂತ ಅಗ್ಗ ಅಂತ ಜನ ಮೆಕ್ಕೆಜೋಳವನ್ನೇ ಒಲೆಗೆ ಹಾಕಿ ಚಳಿ ಕಾಯಿಸಿಕೊಂಡರು.

ಇದೆಲ್ಲ ನನಗೆ ಯಾಕೆ ಇಷ್ಟು ತಟ್ಟುತ್ತದೆ ಅಂದರೆ, ನಮ್ಮ ಮನೆಗೂ ಒಮ್ಮೆ ಬ್ಯಾಂಕಿನ ನೋಟಿಸ್ ಬಂದಿತ್ತು. ನಾನಾಗ ಏಳನೇ ಕ್ಲಾಸು. ಅಪ್ಪ ಅದನ್ನು ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದರು. ಊರಲ್ಲಿ ಯಾರಿಗೂ ಗೊತ್ತಾಗಬಾರದು ಅನ್ನುವುದೊಂದೇ ಅವರ ಚಿಂತೆ. ಸಾಲಕ್ಕಿಂತ ಆ ನಾಚಿಕೆಯೇ ಅವರನ್ನು ಜಾಸ್ತಿ ತಿಂದಿತು. ಅದಕ್ಕೇ ನೆಬ್ರಾಸ್ಕಾ, ಅಯೋವಾದ ಹರಾಜುಗಳ ಕಥೆ ಓದುವಾಗ ನನ್ನ ಕಣ್ಣು ತುಂಬುತ್ತದೆ.

ಅಲ್ಲಿ ಸಾಲ ಕಟ್ಟಲಾಗದ ರೈತನ ದನಕರು, ನೇಗಿಲು, ಯಂತ್ರ ಎಲ್ಲವನ್ನೂ ಅವನ ಅಂಗಳದಲ್ಲೇ ಹರಾಜು ಹಾಕುತ್ತಿದ್ದರು. ಸುತ್ತಲಿನ ರೈತರು ನೂರಾರು ಜನ ಬಂದು ಒತ್ತಾಗಿ ನಿಲ್ಲುತ್ತಿದ್ದರು. ಹಸುವಿಗೆ ಒಬ್ಬ ಕೆಲವೇ ಸೆಂಟ್‌ಗೆ ಸವಾಲು ಕೂಗುತ್ತಿದ್ದ. ಉಳಿದವರೆಲ್ಲ ಗಪ್‌ಚುಪ್. ಹೊರಗಿನವನು ಯಾರಾದರೂ ಬೆಲೆ ಏರಿಸಲು ಬಾಯಿ ತೆರೆದರೆ ಪಕ್ಕದವನು ಹೆಗಲ ಮೇಲೆ ಕೈಯಿಡುತ್ತಿದ್ದ. ಕೆಲವು ಕಡೆ ಕೊಟ್ಟಿಗೆಯ ಜಂತಿಗೆ ಹಗ್ಗದ ಕುಣಿಕೆ ತೂಗುತ್ತಿತ್ತು, ಅದನ್ನು ನೋಡಿ ಅರ್ಥ ಮಾಡಿಕೊಳ್ಳಬೇಕಿತ್ತು. ಹರಾಜು ಮುಗಿದ ಮೇಲೆ ಕೊಂಡವರು ಎಲ್ಲವನ್ನೂ ಅದೇ ರೈತನಿಗೆ ವಾಪಸ್ ಕೊಟ್ಟು ಮನೆಗೆ ಹೋಗುತ್ತಿದ್ದರು. 1931ರಲ್ಲಿ ನೆಬ್ರಾಸ್ಕಾದ ಇಂಥ ಒಂದು ಹರಾಜಿನಲ್ಲಿ ಒಟ್ಟು ಹುಟ್ಟಿದ ದುಡ್ಡು 5 ಡಾಲರ್ 35 ಸೆಂಟ್. ಇದಕ್ಕೆ ಪೆನ್ನಿ ಹರಾಜು, ಅಂದರೆ ಒಂದು ಸೆಂಟಿನ ಹರಾಜು, ಅಂತಲೇ ಹೆಸರು ಬಿತ್ತು. ಕ್ಯಾಲೆಂಡರ್ ಹಿಂದೆ ಬಚ್ಚಿಡುವ ನೋಟಿಸನ್ನು ಅವರು ಊರಿನೆಲ್ಲರ ನೋಟಿಸ್ ಮಾಡಿಕೊಂಡಿದ್ದರು.

ಎಲ್ಲವೂ ಸರಿಯಾಗಿತ್ತು ಅನ್ನಲಾರೆ. 1933ರ ಏಪ್ರಿಲ್‌ನಲ್ಲಿ ಅಯೋವಾದ ಲೆ ಮಾರ್ಸ್ ಊರಲ್ಲಿ ರೈತರ ಗುಂಪು ನ್ಯಾಯಾಧೀಶ ಬ್ರಾಡ್ಲಿಯವರನ್ನು ಕೋರ್ಟಿನಿಂದಲೇ ಎಳೆದೊಯ್ದು ಕುತ್ತಿಗೆಗೆ ಹಗ್ಗ ಹಾಕಿತು. ಜಪ್ತಿ ಆದೇಶಕ್ಕೆ ಸಹಿ ಹಾಕುವುದಿಲ್ಲ ಅಂತ ಮಾತು ಕೊಡಲು ಅವರು ಒಪ್ಪಿರಲಿಲ್ಲ. ಜೀವವೇನೋ ಉಳಿಯಿತು. ಆದರೂ ಅದು ತಪ್ಪೇ. ಹಾಗಂತ ಆ ಒಂದು ದಿನ ಹಿಡಿದುಕೊಂಡು ಅಷ್ಟೂ ರೈತರನ್ನು ಪುಂಡರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದೇ ವರ್ಷ ಮಿನ್ನೆಸೋಟ ರಾಜ್ಯ ಜಪ್ತಿಗೆ ತಡೆ ಕೊಡುವ ಕಾನೂನು ತಂದಿತು. 1934ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅದನ್ನು ಎತ್ತಿಹಿಡಿಯಿತು. ಅಂಗಳದಲ್ಲಿ ಸುಮ್ಮನೆ ನಿಂತವರ ಪಾಲು ಆ ತೀರ್ಪಿನಲ್ಲೂ ಇದೆ ಅಂತ ನಾನು ನಂಬುತ್ತೇನೆ.

ಆದರೆ ಇವರೆಲ್ಲ ಕಳೆದುಕೊಳ್ಳಲು ಭೂಮಿ ಇದ್ದವರು. ಭೂಮಿಯೇ ಇಲ್ಲದವರ ಗತಿ? ಅಧ್ಯಕ್ಷ ರೂಸ್ವೆಲ್ಟ್ ಸರ್ಕಾರ ಬೆಲೆ ಏರಿಸಲು 1933ರಲ್ಲಿ ಸುಮಾರು 1 ಕೋಟಿ ಎಕರೆ ಹತ್ತಿ ಬೆಳೆಯನ್ನು ನೇಗಿಲು ಹೊಡೆಸಿ ನಾಶಮಾಡಿಸಿ ಪರಿಹಾರ ಕೊಟ್ಟಿತು. ಆ ದುಡ್ಡು ಹೋಗಿದ್ದು ಮಾಲೀಕನಿಗೆ. ದಕ್ಷಿಣದ ಕೋರು ಸಾಗುವಳಿದಾರರಲ್ಲಿ, ಕಪ್ಪು ಬಿಳಿ ಎನ್ನದೆ, ಎಷ್ಟೋ ಕುಟುಂಬಗಳಿಗೆ ಸಿಕ್ಕಿದ್ದು 'ಗುಡಿಸಲು ಖಾಲಿ ಮಾಡಿ' ಅನ್ನುವ ಮಾತು. 1935ರ ಸಾಮಾಜಿಕ ಭದ್ರತಾ ಕಾಯ್ದೆಯೂ ಹೊಲದ ಕೂಲಿಯವರನ್ನು ಹೊರಗಿಟ್ಟಿತು. ಈ ಭಾಗ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

1934ರ ಜುಲೈಯಲ್ಲಿ ಅರ್ಕಾನ್ಸಾಸಿನ ಟೈರೋಂಜಾ ಹತ್ತಿರ ಅಂಥ ಹದಿನೆಂಟು ಜನ ಒಂದು ಶಾಲೆಯಲ್ಲಿ ಸೇರಿದರು. ಹನ್ನೊಂದು ಬಿಳಿಯರು, ಏಳು ಕಪ್ಪು ಜನ. 1919ರಲ್ಲಿ ಅದೇ ರಾಜ್ಯದ ಇಲೈನ್‌ನಲ್ಲಿ, ಸಂಘ ಕಟ್ಟಿದರು ಅನ್ನುವ ಕಾರಣಕ್ಕೆ ಕಪ್ಪು ರೈತರ ಮಾರಣಹೋಮ ನಡೆದಿತ್ತು. ಅದನ್ನು ಕಂಡುಂಡ ಒಬ್ಬ ಹಿರಿಯ ಆ ಕೋಣೆಯಲ್ಲಿದ್ದ. ಸಂಘ ಒಂದೋ, ಬಣ್ಣಕ್ಕೊಂದೋ ಅನ್ನುವ ಪ್ರಶ್ನೆ ಬಂತು. ಒಂದೇ ಇರಲಿ ಅಂತ ತೀರ್ಮಾನಿಸಿ ಎದ್ದರು.