ಫೋರ್ಟ್ ರಾಸ್‌ಗೆ ಹೋದರೆ ಕೋಟೆಯಾಚೆಗೂ ನಡೆಯಿರಿ

ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಕನ್ನಡದ ಗೆಳೆಯರು ವಾರಾಂತ್ಯಕ್ಕೆ ಎಲ್ಲಿಗೆ ಹೋಗೋಣ ಅಂದಾಗಲೆಲ್ಲ ನಾನು ಹೇಳುವ ಹೆಸರು ಫೋರ್ಟ್ ರಾಸ್. ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯಲ್ಲಿ, ಕಡಲಿನ ನೆತ್ತಿಯ ಮೇಲಿರುವ ಮರದ ಕೋಟೆ. ಅಲಾಸ್ಕಾದಲ್ಲಿ ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ರಷ್ಯನ್-ಅಮೆರಿಕನ್ ಕಂಪನಿಗಾಗಿ ಇವಾನ್ ಕುಸ್ಕೋವ್ 1812ರಲ್ಲಿ ಕಟ್ಟಿಸಿದ್ದು. ಆದರೆ ಹೆಚ್ಚಿನವರು ಚಾಪೆಲ್ ಮುಂದೊಂದು, ಫಿರಂಗಿ ಪಕ್ಕ ಒಂದು ಫೋಟೊ ತೆಗೆಸಿಕೊಂಡು ವಾಪಸ್ ಹೊರಡುತ್ತಾರೆ. ನನಗೆ ಸಂಕಟವಾಗುವುದು ಇದಕ್ಕೇ.

ಆ ಚಾಪೆಲ್ 1906ರ ಭೂಕಂಪಕ್ಕೆ ಕುಸಿದು, ಮತ್ತೆ ಕಟ್ಟಿದ ಮೇಲೆ 1970ರಲ್ಲಿ ಸುಟ್ಟು, ಆಮೇಲೆ ಪುನಃ ಎದ್ದದ್ದು. ರಷ್ಯನ್ನರ ಕಾಲದ ಕಟ್ಟಡವಾಗಿ ಉಳಿದಿರುವುದು ಕೊನೆಯ ಮ್ಯಾನೇಜರ್ ಅಲೆಕ್ಸಾಂಡರ್ ರೋಚೆವ್ ಮನೆಯೊಂದೇ. ಚೌಕವಾಗಿ ಕೆತ್ತಿದ ಅದರ ರೆಡ್‌ವುಡ್ ತೊಲೆಗಳ ಹತ್ತಿರ ಒಂದಿಷ್ಟು ಹೊತ್ತು ನಿಲ್ಲಿ.

ಆಮೇಲೆ ಹೊರಗೆ ಬನ್ನಿ. ಕುಸ್ಕೋವ್ ಜೊತೆ ಬಂದ ರಷ್ಯನ್ನರು ಇಪ್ಪತ್ತೈದು ಮಂದಿ, ಅಲಾಸ್ಕಾದ ಮೂಲನಿವಾಸಿಗಳು ಸುಮಾರು ಎಂಬತ್ತು. ಚರ್ಮ ಹೊದೆಸಿದ ಸಪೂರ ದೋಣಿಗಳಲ್ಲಿ ಕೂತು ಕಡಲ ನೀರುನಾಯಿ ಬೇಟೆಯಾಡಿದವರು ಈ ಅಲಾಸ್ಕಾದವರು. ಅದರ ತುಪ್ಪಳಕ್ಕೆ ಚೀನಾದಲ್ಲಿ ಭಾರೀ ಬೆಲೆಯಿತ್ತು. ನೆಲ ಇಲ್ಲಿನ ಮೂಲನಿವಾಸಿಗಳಾದ ಕಶಾಯಾ ಪೊಮೊ ಜನರದು, ಊರಿಗೆ ಅವರಿಟ್ಟ ಹೆಸರು ಮೆಟೀನಿ. 1817ರಲ್ಲಿ ಅವರ ಮುಖಂಡರೊಂದಿಗೆ ಕಂಪನಿ ಒಪ್ಪಂದ ಮಾಡಿಕೊಂಡಿತು. ಆದರೂ ಗೋಧಿ ಹೊಲದ ದುಡಿಮೆಗೆ ಮುಂದೆ ಇದೇ ಜನರನ್ನು ಬಲವಂತವಾಗಿ ಎಳೆತಂದದ್ದೂ ಉಂಟು. ಕೋಟೆ ಎಂದ ಕೂಡಲೇ ರಷ್ಯನ್ನರ ಸಾಹಸ ಎಂದು ಹೇಳಿ ಮುಗಿಸುವುದು ಇವರಿಗೆಲ್ಲ ಮಾಡುವ ಅನ್ಯಾಯ.

ಹಳ್ಳ ದಾಟಿದರೆ ಎದುರು ದಿಬ್ಬದಲ್ಲಿ ಸ್ಮಶಾನ. ಹುಲ್ಲಿನ ನಡುವೆ ಓರೆ ಅಡ್ಡಪಟ್ಟಿಯ ಮರದ ಶಿಲುಬೆಗಳು, ನೂರಕ್ಕೂ ಹೆಚ್ಚು ಸಮಾಧಿ. ನನಗೆ ಇಡೀ ಜಾಗದಲ್ಲಿ ಅತಿ ಮುಖ್ಯವಾದದ್ದು ಇದೇ.

ಬೇಟೆ ಎಷ್ಟು ಜೋರಾಗಿತ್ತೆಂದರೆ ಕೆಲವೇ ವರ್ಷಗಳಲ್ಲಿ ನೀರುನಾಯಿ ಬರಿದಾಯಿತು. ಬೇಸಾಯ ಕೈಗೂಡಲಿಲ್ಲ, ಕಂಪನಿ 1841ರಲ್ಲಿ ಎಲ್ಲವನ್ನೂ ಕ್ಯಾಲಿಫೋರ್ನಿಯಾದ ಜಮೀನುದಾರ ಜಾನ್ ಸಟ್ಟರ್‌ಗೆ ಮಾರಿತು. ನೀರುನಾಯಿ ಮಾತ್ರ ಇಲ್ಲಿ ಇವತ್ತಿಗೂ ಮರಳಿ ನೆಲೆಯೂರಿಲ್ಲ. ಕಡಲ ಮುಳ್ಳುಚೆಂಡುಗಳನ್ನು (ಸೀ ಅರ್ಚಿನ್) ತಿನ್ನುವ ಪ್ರಾಣಿ ಅದು. 2014ರಿಂದೀಚೆಗೆ ನೀರು ಬಿಸಿಯಾಗಿ, ಮುಳ್ಳುಚೆಂಡು ತಿನ್ನುವ ನಕ್ಷತ್ರಮೀನುಗಳು ರೋಗದಿಂದ ಸತ್ತು, ಮುಳ್ಳುಚೆಂಡುಗಳು ಮಿತಿಮೀರಿ ಹೆಚ್ಚಿದವು. ಅವು ಮೇಯುವ ಕೆಲ್ಪ್ ಎಂಬ ದೊಡ್ಡ ಕಡಲಕಳೆಯ ಕಾಡು ಈ ತೀರದಲ್ಲಿ ಬಹುಪಾಲು ನಾಶವಾಯಿತು. ಮುಳ್ಳುಚೆಂಡುಗಳನ್ನು ತಿನ್ನಲು ನೀರುನಾಯಿ ಇರಲಿಲ್ಲ.

ಹೋಗುವವರು ದಯವಿಟ್ಟು ಅರ್ಧ ದಿನ ಇಟ್ಟುಕೊಳ್ಳಿ. ಮಕ್ಕಳನ್ನು ಸ್ಮಶಾನದವರೆಗೂ ಕರೆದೊಯ್ಯಿರಿ, ಕಶಾಯಾ ಜನರ ವಿಷಯ ಹೇಳಿ. ಬೇಸಿಗೆಯಲ್ಲೂ ಗಾಳಿ ಕೊರೆಯುತ್ತದೆ, ಜಾಕೆಟ್ ಮರೆಯಬೇಡಿ.