ಅಲರ್ಜಿ ಯಾವುದಕ್ಕೆ ಅಂತ ಕೇಳಿದರೆ ಸಾಕಾ?

ಯಾರಿಗಾದರೂ ಅಲರ್ಜಿ ಇದೆ ಅಂದರೆ ನಾವೆಲ್ಲ ಮೊದಲು ಕೇಳುವುದು "ಯಾವುದಕ್ಕೆ?" ಅಂತ. ಧೂಳಿಗಾ, ಪರಾಗಕ್ಕಾ, ಯಾವುದಾದರೂ ಔಷಧಿಗಾ? ಕೇಳಬೇಕಾದ ಪ್ರಶ್ನೆಯೇ. ಆದರೆ ಅದು ಅರ್ಧ ಪ್ರಶ್ನೆ ಮಾತ್ರ ಅಂತ ನನ್ನ ನಂಬಿಕೆ. ಅದೇ ಮನುಷ್ಯ, ಅದೇ ಧೂಳು. ಒಂದು ದಿನ ಎರಡು ಸೀನು ಬಂದು ನಿಲ್ಲುತ್ತದೆ, ಇನ್ನೊಂದು ದಿನ ಉಸಿರು ಕಟ್ಟುತ್ತದೆ. ಅಲರ್ಜಿ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾದರೆ ಬದಲಾಗಿದ್ದು ಏನು?

ಉತ್ತರದ ಒಂದು ಭಾಗ ಮಾಸ್ಟ್ ಕೋಶಗಳ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯ ಒಂದು ಬಗೆಯ ಕೋಶಗಳ, ಒಳಗಿದೆ. ಈ ಕೋಶಗಳನ್ನು ಬಣ್ಣ ಹಾಕಿ ಮೊದಲು ಗುರುತಿಸಿದವರು ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಖ್, 1878ರಲ್ಲಿ, ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ. ಚರ್ಮ, ಶ್ವಾಸನಾಳ, ಕರುಳು, ಅಂದರೆ ಹೊರಗಿನ ಪ್ರಪಂಚ ದೇಹಕ್ಕೆ ತಾಗುವ ಜಾಗಗಳಲ್ಲೇ ಇವು ಜಾಸ್ತಿ. ಒಳಗೆ ಹಿಸ್ಟಮಿನ್, ಹೆಪಾರಿನ್, ಟ್ರಿಪ್ಟೇಸ್ ಅನ್ನೋ ವಸ್ತುಗಳು ತುಂಬಿದ ಕಣಗಳಿರುತ್ತವೆ. ಕೋಶದ ಮೈಮೇಲೆ ಐಜಿಇ ಅನ್ನೋ ಪ್ರತಿಕಾಯಗಳು ಅಂಟಿಕೊಂಡಿರುತ್ತವೆ. ಅಲರ್ಜಿ ತರುವ ವಸ್ತು ಬಂದು ಆ ಐಜಿಇಗಳನ್ನು ಒಂದಕ್ಕೊಂದು ಜೋಡಿಸಿದರೆ ಕೆಲವೇ ನಿಮಿಷಗಳಲ್ಲಿ ಕಣಗಳು ಹೊರಗೆ ಸುರಿಯುತ್ತವೆ. ತುರಿಕೆ, ಊತ, ಸೀನು ಎಲ್ಲ ಅಲ್ಲಿಂದಲೇ ಶುರು.

ಇಷ್ಟು ಹಲವರು ಓದಿರುತ್ತೀರಿ. ಆದರೆ ಇದೇ ಕೋಶದೊಳಗೆ ಸುತ್ತಲಿನ ರಾಸಾಯನಿಕಗಳನ್ನು ಗುರುತಿಸುವ ಒಂದು ರಿಸೆಪ್ಟರ್, ಅಂದರೆ ಗ್ರಾಹಕ ಪ್ರೋಟೀನ್, ಕೂಡ ಇದೆ. ಹೆಸರು ಅರೈಲ್ ಹೈಡ್ರೋಕಾರ್ಬನ್ ರಿಸೆಪ್ಟರ್, ಚಿಕ್ಕದಾಗಿ ಎಎಚ್‌ಆರ್. ಅದರ ಬಗ್ಗೆ ಮಾತು ತೀರಾ ಕಡಿಮೆ.

ಇದು ಬೆಳಕಿಗೆ ಬಂದದ್ದು ವಿಷದ ಅಧ್ಯಯನದಿಂದ. 1976ರಲ್ಲಿ ವಿಜ್ಞಾನಿ ಅಲನ್ ಪೋಲೆಂಡ್ ಮತ್ತು ಜೊತೆಗಾರರು ಇಲಿಯ ಯಕೃತ್ತಿನಲ್ಲಿ ಡಯಾಕ್ಸಿನ್ ಅನ್ನೋ ವಿಷ ಹೋಗಿ ಅಂಟುವ ಒಂದು ಪ್ರೋಟೀನ್ ಇದೆ ಅಂತ ತೋರಿಸಿದರು. ಅದೇ ವರ್ಷ ಜುಲೈನಲ್ಲಿ ಇಟಲಿಯ ಸೆವೆಸೊ ಬಳಿ ರಾಸಾಯನಿಕ ಕಾರ್ಖಾನೆಯಿಂದ ಡಯಾಕ್ಸಿನ್ ಸೋರಿ, ಮಕ್ಕಳ ಮುಖದ ಮೇಲೆ ಕ್ಲೋರ್‌ಆಕ್ನೆ ಅನ್ನೋ ಮೊಡವೆಯಂಥ ಗುಳ್ಳೆಗಳೆದ್ದವು. ಹಾಗಾಗಿ ಎಎಚ್‌ಆರ್‌ಗೆ ಬಹಳ ಕಾಲ ವಿಷದ ರಿಸೆಪ್ಟರ್ ಅನ್ನೋ ಹಣೆಪಟ್ಟಿ ಉಳಿದುಬಿಟ್ಟಿತು.

ಆದರೆ ಅದಕ್ಕೆ ಅಂಟುವುದು ವಿಷ ಮಾತ್ರ ಅಲ್ಲ. ಹೊಗೆಯಲ್ಲಿನ ಬೆಂಜೊಪೈರೀನ್ ಅಂಟುತ್ತದೆ, ನಿಜ. ಎಲೆಕೋಸು, ಬ್ರೊಕೊಲಿ ತಿಂದಾಗ ಹೊಟ್ಟೆಯ ಆಮ್ಲದಲ್ಲಿ ಹುಟ್ಟುವ ಇಂಡೋಲ್‌ಗಳೂ ಅಂಟುತ್ತವೆ. ಕರುಳಿನ ಬ್ಯಾಕ್ಟೀರಿಯಾ ಅಮಿನೊ ಆಮ್ಲಗಳಲ್ಲಿ ಒಂದಾದ ಟ್ರಿಪ್ಟೊಫಾನ್‌ನಿಂದ ಮಾಡುವ ವಸ್ತುಗಳೂ ಅಷ್ಟೇ. ಅದೇ ಟ್ರಿಪ್ಟೊಫಾನ್ ಮೇಲೆ ನೇರಳಾತೀತ ಬೆಳಕು ಬಿದ್ದಾಗ ಹುಟ್ಟುವ ಎಫ್‌ಐಸಿಜಡ್ ಅನ್ನೋ ಅಣು ಅಂತೂ ತುಂಬಾ ಗಟ್ಟಿಯಾಗಿ ಅಂಟುತ್ತದೆ. ಅಂಟಿದ ಮೇಲೆ ಎಎಚ್‌ಆರ್ ಕೋಶಕೇಂದ್ರಕ್ಕೆ ಹೋಗಿ, ಎಆರ್‌ಎನ್‌ಟಿ ಅನ್ನೋ ಪ್ರೋಟೀನಿನ ಜೊತೆ ಸೇರಿ, ಬೇರೆ ಬೇರೆ ಜೀನ್‌ಗಳನ್ನು ಚಾಲೂ ಮಾಡುತ್ತದೆ.

ಮಾಸ್ಟ್ ಕೋಶದಲ್ಲಿ ಇದರಿಂದ ಏನಾಗುತ್ತದೆ? ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಭಾಗ. 2012ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಮಾಸ್ಟ್ ಕೋಶಗಳಿಗೆ ಎಫ್‌ಐಸಿಜಡ್ ಕೊಟ್ಟು, ಐಜಿಇ ಮೂಲಕ ಕೆರಳಿಸಿದರು. ಒಂದೇ ಸಲ ಕೊಟ್ಟಾಗ ಕಣಗಳು ಇನ್ನೂ ಜಾಸ್ತಿ ಸುರಿದವು. ಬಹಳ ಹೊತ್ತು ಕೊಡುತ್ತಾ ಹೋದಾಗ ಸುರಿಯುವುದು ಕಡಿಮೆಯಾಯಿತು, ಆದರೆ ಉರಿಯೂತ ಎಬ್ಬಿಸುವ ಸಂದೇಶದ ಪ್ರೋಟೀನ್‌ಗಳು ಏರಿದವು. ಕೋಶ ಅದೇ, ಅಣುವೂ ಅದೇ. ಸಮಯ ಬದಲಾದ ಕೂಡಲೇ ಫಲ ತಲೆಕೆಳಗಾಯಿತು! ಮುಂದಿನ ವರ್ಷ ಇನ್ನೊಂದು ಅಧ್ಯಯನ ಎಎಚ್‌ಆರ್ ಇಲ್ಲದ ಇಲಿಗಳನ್ನು ನೋಡಿತು. ಅವುಗಳ ಮಾಸ್ಟ್ ಕೋಶಗಳು ಸರಿಯಾಗಿ ಬಲಿಯಲೇ ಇಲ್ಲ. ಬದುಕಲು ಬೇಕಾದ ಕಿಟ್ ಅನ್ನೋ ರಿಸೆಪ್ಟರ್ ಕಡಿಮೆ, ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾಗಳಿಗೂ ಪೆಟ್ಟು. ಅಂದರೆ ಇದು ಇಲ್ಲದಿದ್ದರೂ ಕಷ್ಟ, ಇದನ್ನು ಬಿಡದೆ ಕೆರಳಿಸಿದರೂ ಕಷ್ಟ.

ಎಫ್‌ಐಸಿಜಡ್‌ಗೂ ಡಯಾಕ್ಸಿನ್‌ಗೂ ಇರುವ ದೊಡ್ಡ ವ್ಯತ್ಯಾಸವೂ ಸಮಯದ್ದೇ. ಎಎಚ್‌ಆರ್ ಎಬ್ಬಿಸುವ ಕಿಣ್ವಗಳು ಎಫ್‌ಐಸಿಜಡ್ ಅನ್ನು ಬೇಗ ಒಡೆದುಹಾಕುತ್ತವೆ, ಕೆಲಸ ಅಲ್ಲಿಗೆ ಮುಗಿಯುತ್ತದೆ. ಡಯಾಕ್ಸಿನ್ ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ಮನುಷ್ಯನ ಮೈಯಲ್ಲಿ ಅದು ಅರ್ಧಕ್ಕೆ ಇಳಿಯಲು ಏಳೆಂಟು ವರ್ಷ ಬೇಕು.

ಚರ್ಮದ ಕಥೆ ನೋಡಿದರೆ ಇನ್ನೂ ಗೋಜಲು. ಗಾಳಿಯ ಮಾಲಿನ್ಯ ಚರ್ಮದ ಕೋಶಗಳಲ್ಲಿ ಎಎಚ್‌ಆರ್ ಮೂಲಕ ಆರ್ಟೆಮಿನ್ ಅನ್ನೋ ಪ್ರೋಟೀನನ್ನು ಏರಿಸಿ, ನರಗಳನ್ನು ಬೆಳೆಸಿ, ತುರಿಕೆ ಹೆಚ್ಚಿಸುತ್ತದೆ ಅಂತ ಇಲಿಗಳಲ್ಲಿ ಕಂಡುಬಂದಿದೆ. ಇನ್ನೊಂದು ಕಡೆ, ಅದೇ ಎಎಚ್‌ಆರ್ ಅನ್ನು ಎಬ್ಬಿಸುವ ಟ್ಯಾಪಿನಾರೋಫ್ ಅನ್ನೋ ಮುಲಾಮಿಗೆ ಅಮೆರಿಕದಲ್ಲಿ 2022ರಲ್ಲಿ ಸೋರಿಯಾಸಿಸ್‌ಗೆ, 2024ರಲ್ಲಿ ಎಕ್ಸಿಮಾಗೆ ಒಪ್ಪಿಗೆ ಸಿಕ್ಕಿತು. ಬಹಳ ಹಿಂದಿನಿಂದ ಬಳಸುವ ಕಲ್ಲಿದ್ದಲ ಟಾರ್ ಕೂಡ ಚರ್ಮದ ಮೇಲೆ ಕೆಲಸ ಮಾಡುವುದು ಇದೇ ದಾರಿಯಲ್ಲಿ.

ಹಾಗಾಗಿ "ಎಎಚ್‌ಆರ್ ಎಬ್ಬಿಸಿ, ಅಲರ್ಜಿ ಓಡಿಸಿ" ಅಂತ ಯಾರಾದರೂ ಇಂಡೋಲ್ ಮಾತ್ರೆ ಮಾರಲು ಬಂದರೆ ದಯವಿಟ್ಟು ನಂಬಬೇಡಿ. ಯಾವ ಅಣು, ಯಾವ ಅಂಗಾಂಶ, ಎಷ್ಟು ಹೊತ್ತು ಅಂತ ಹೇಳದೆ ಈ ರಿಸೆಪ್ಟರ್ ಒಳ್ಳೆಯದು ಅಥವಾ ಕೆಟ್ಟದ್ದು ಅನ್ನೋ ಮಾತಿಗೆ ಅರ್ಥವೇ ಇಲ್ಲ. ಇಲಿಯ ಫಲಿತಾಂಶವನ್ನು ಸೀದಾ ನಮಗೆ ಅನ್ವಯಿಸುವುದೂ ತಪ್ಪು. ಪ್ರಯೋಗದಲ್ಲಿ ಸಾಮಾನ್ಯವಾಗಿ ಬಳಸುವ ಇಲಿಯ ಎಎಚ್‌ಆರ್ ಡಯಾಕ್ಸಿನ್ ಅನ್ನು ಮನುಷ್ಯನದ್ದಕ್ಕಿಂತ ಸುಮಾರು ಹತ್ತು ಪಟ್ಟು ಬಲವಾಗಿ ಹಿಡಿಯುತ್ತದೆ.

ಮನುಷ್ಯರಲ್ಲೂ ಸುಳಿವುಗಳಿವೆ. ಧೂಳಿನ ಹುಳದ ಅಲರ್ಜಿ ಇದ್ದವರ ಮೂಗಿಗೆ ಡೀಸೆಲ್ ಹೊಗೆಯ ಕಣ ಸೇರಿಸಿ ಪರೀಕ್ಷಿಸಿದಾಗ, ಮೊದಲಿಗಿಂತ ಕಡಿಮೆ ಅಲರ್ಜಿಕಾರಕಕ್ಕೇ ತೊಂದರೆ ಕಾಣಿಸಿತು. ಡೀಸೆಲ್ ಕಣ ಎಎಚ್‌ಆರ್ ಒಂದರಿಂದಲೇ ಕೆಲಸ ಮಾಡುವುದಿಲ್ಲ, ಅದು ಸರಿ. ಆದರೂ ಮಾಸ್ಟ್ ಕೋಶ ಐಜಿಇಯ ಕರೆಗೆ ಎಷ್ಟು ಜೋರಾಗಿ ಓಗೊಡುತ್ತದೆ ಅನ್ನೋದನ್ನು ಸುತ್ತಲಿನ ಗಾಳಿಯೂ ಬದಲಿಸಬಲ್ಲದು ಅನ್ನಲು ಇಷ್ಟು ಆಧಾರ ಸಾಕು.

ಅಲರ್ಜಿ ಪರೀಕ್ಷೆಗೆ ಹೋದವರ ಚರ್ಮಕ್ಕೆ ಚುಚ್ಚಿ ಯಾವುದಕ್ಕೆ ಅಲರ್ಜಿ ಅಂತ ಪಟ್ಟಿ ಮಾಡುವಷ್ಟೇ ಕಾಳಜಿಯಿಂದ, ಅವರು ಉಸಿರಾಡುವ ಹೊಗೆ ಯಾವುದು, ದಿನಕ್ಕೆ ಎಷ್ಟು ಹೊತ್ತು, ಎಷ್ಟು ವರ್ಷದಿಂದ ಅಂತಲೂ ಬರೆದುಕೊಳ್ಳಬೇಕು. ಇದಕ್ಕೆ ಹೊಸ ಯಂತ್ರ ಏನೂ ಬೇಕಿಲ್ಲ. ಇವತ್ತಿಂದಲೇ ಕೇಳಬಹುದು.